ನಡಿಗೆಯ ಊರಿನಲ್ಲಿ ಸೈಕಲ್ಲಿನ ಪಾಠ

ನೈಮೇಗನ್ ನಿಲ್ದಾಣದಲ್ಲಿ ರೈಲಿಳಿದು ಹೊರಬಂದರೆ ಮೊದಲು ಕಣ್ಣಿಗೆ ಬೀಳುವುದು ಸೈಕಲ್ಲುಗಳ ಜಾತ್ರೆ. ಶಾಲೆಯ ಮಕ್ಕಳು, ಕಚೇರಿಗೆ ಹೊರಟವರು, ಬೆನ್ನು ನೆಟ್ಟಗಿಟ್ಟು ಕುಳಿತ ಎಪ್ಪತ್ತು ದಾಟಿದ ಅಜ್ಜಿಯರು, ಎಲ್ಲರೂ ಪೆಡಲು ತುಳಿಯುವವರೇ. ನೆದರ್ಲೆಂಡ್ಸ್‌ನ ಪೂರ್ವ ಭಾಗದಲ್ಲಿ, ಜರ್ಮನಿಯ ಗಡಿಗೆ ಹತ್ತಿರ, ವಾಲ್ ನದಿಯ ದಂಡೆಯ ಮೇಲಿರುವ ಊರಿದು. ರೋಮನ್ನರ ಕಾಲದಷ್ಟು ಹಳೆಯದು. ಹಪ್ಪಳದಂತೆ ಚಪ್ಪಟೆಯಾದ ಆ ದೇಶದಲ್ಲಿ ಏರುತಗ್ಗು ಕಾಣುವ ಕೆಲವೇ ಊರುಗಳಲ್ಲಿ ಇದೂ ಒಂದು.

2023ರ ಸೆಪ್ಟೆಂಬರಿನಲ್ಲಿ ಐಂಡ್‌ಹೋವನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ‘ಆಮ್‌ಸ್ಟರ್‌ಡಾಮ್ ನೋಡ್ಕೊಂಡು ಬನ್ನಿ ಅಪ್ಪ’ ಎಂದ ಅವನಿಗೆ ‘ಮೊದಲು ನೈಮೇಗನ್’ ಎಂದೆ. ಕಾರಣ, ತೀರ್ಥಹಳ್ಳಿಯ ಹತ್ತಿರವಿರುವ ನನ್ನ ಅಣ್ಣ. ಮೂವತ್ತು ವರ್ಷ ಸೈಕಲ್ಲಿನಲ್ಲೇ ಅಂಚೆ ಹಂಚಿದವನು. ಪಾರ್ಕಿನ್‌ಸನ್ ಕಾಯಿಲೆ ಬಂದು ಆಗ ಏಳು ವರ್ಷವಾಗಿತ್ತು. ಕೈನಡುಕ ನೋಡಿದವರಿಗೆಲ್ಲ ಕಾಣುತ್ತದೆ. ಅವನನ್ನು ಹೆಚ್ಚು ಕಾಡುತ್ತಿದ್ದುದು ಕಾಲು. ನಡೆಯುತ್ತಿದ್ದವನು ನಡುಮನೆಯ ಹೊಸಿಲ ಮುಂದೆ ಅಂಗಾಲು ನೆಲಕ್ಕಂಟಿದವನಂತೆ ನಿಂತುಬಿಡುತ್ತಿದ್ದ. ಆ ಮಳೆಗಾಲದಲ್ಲಿ ಹಾಗೇ ನಿಂತವನು ಮುಂದಕ್ಕೆ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡ. ಆಮೇಲೆ ಅಂಗಳಕ್ಕಿಳಿಯುವುದನ್ನೇ ಬಿಟ್ಟ.

ನೈಮೇಗನ್ನಿಗೂ ನಡಿಗೆಗೂ ಹಳೆಯ ನಂಟು. 1909ರಲ್ಲಿ ಆರಂಭವಾದ ‘ನಾಲ್ಕು ದಿನಗಳ ನಡಿಗೆ’ಯ ನೆಲೆ ಇದು. ಪ್ರತಿ ಜುಲೈನಲ್ಲಿ ಸಾವಿರಾರು ಮಂದಿ ಇಲ್ಲಿಗೆ ಬಂದು ದಿನಕ್ಕೆ 30, 40, 50 ಕಿಲೋಮೀಟರ್ ನಡೆಯುತ್ತಾರೆ. ಕೊನೆಯ ದಿನ ಅವರು ಊರು ಸೇರುವ ಸಂತ ಆನ್ನಾ ರಸ್ತೆಯಲ್ಲಿ ಜನ ಗ್ಲಾಡಿಯೋಲಸ್ ಹೂ ಹಿಡಿದು ಕಾಯುತ್ತಾರಂತೆ. ನಾನೂ ಅದೇ ರಸ್ತೆಯಲ್ಲಿ ನಡೆದೆ. ಹೂವೂ ಇರಲಿಲ್ಲ, ಕಾಯುವವರೂ ಇರಲಿಲ್ಲ, ತುಂತುರು ಮಳೆಯಿತ್ತು. ಆ ರಸ್ತೆಗೆ ಹತ್ತಿರದಲ್ಲೇ ರಾಡ್‌ಬೌಡ್ ವಿಶ್ವವಿದ್ಯಾಲಯದ ಆಸ್ಪತ್ರೆ.

ಇಲ್ಲಿನ ನರರೋಗ ತಜ್ಞ ಬಾಸ್ಟಿಯಾನ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿ 2010ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. 58 ವರ್ಷದ ಒಬ್ಬ ರೋಗಿಗೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಅದೇ ಮನುಷ್ಯನನ್ನು ಸೈಕಲ್ಲಿನ ಮೇಲೆ ಕೂರಿಸಿದರೆ ಸರಾಗವಾಗಿ ತುಳಿದುಕೊಂಡು ಹೋಗುತ್ತಾನೆ! ಇಳಿದೊಡನೆ ಕಾಲು ಮತ್ತೆ ಕಟ್ಟಿಕೊಳ್ಳುತ್ತದೆ. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದಾಗ ಯೋಚಿಸದೆ ತಾನಾಗಿ ನಡೆಯಬೇಕಾದ ಚಲನೆಗಳು ಕೆಡುತ್ತವೆ. ಹೊರಗಿನಿಂದ ಒಂದು ಸೂಚನೆ, ನೆಲದ ಮೇಲಿನ ಅಡ್ಡಗೆರೆಯೋ ತಾಳದ ಸದ್ದೋ ಸಿಕ್ಕರೆ, ಮಿದುಳು ಬೇರೆ ದಾರಿ ಹಿಡಿದು ಕೆಲಸ ಸಾಧಿಸುತ್ತದೆ. ತಿರುಗುವ ಪೆಡಲೂ ಅಂಥದೊಂದು ಸೂಚನೆಯಾಗಿರಬಹುದು ಎಂಬುದು ಒಂದು ಊಹೆ.

ಕಣ್ಣೆದುರು ಇಲ್ಲದ ಜಗತ್ತನ್ನು ತಂದು ನಿಲ್ಲಿಸುವ ವರ್ಚುವಲ್ ರಿಯಾಲಿಟಿ ಇಲ್ಲಿ ಉಪಯೋಗಕ್ಕೆ ಬಂತು. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಐದು ದೇಶಗಳ 302 ಹಿರಿಯರಿದ್ದರು. ನೈಮೇಗನ್ನೂ ಅದರಲ್ಲೊಂದು ಕೇಂದ್ರ. ಬೀಳುವ ಅಪಾಯವಿದ್ದ ಈ ಹಿರಿಯರಲ್ಲಿ ಪಾರ್ಕಿನ್‌ಸನ್ ರೋಗಿಗಳು ಬಹಳ ಮಂದಿ. ಟ್ರೆಡ್‌ಮಿಲ್ ಮೇಲೆ ನಡೆಯುವವರ ಪಾದಗಳನ್ನು ಕ್ಯಾಮೆರಾ ಹಿಡಿದು ಎದುರಿನ ಪರದೆಯಲ್ಲಿ ತೋರಿಸುತ್ತದೆ. ಅಲ್ಲಿ ಅಡೆತಡೆಗಳು ಎದುರಾಗುತ್ತವೆ. ದಾಟಬೇಕು, ದಾರಿಯನ್ನೂ ಆರಿಸಬೇಕು. ವಾರಕ್ಕೆ ಮೂರು ಸಲ, ಸುಮಾರು 45 ನಿಮಿಷ, ಆರು ವಾರ. ಮುಂದಿನ ಆರು ತಿಂಗಳಲ್ಲಿ ಇವರು ಬೀಳುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬರಿಯ ಟ್ರೆಡ್‌ಮಿಲ್ ತುಳಿದವರಲ್ಲಿ ಅಷ್ಟು ಇಳಿಕೆ ಕಾಣಲಿಲ್ಲ. ನಾವು ಬೀಳುವುದು ಕಾಲಿನಿಂದ ಮಾತ್ರವಲ್ಲ, ಗಮನ ತಪ್ಪುವುದರಿಂದಲೂ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪ್ರಯೋಗವನ್ನು ನಾನು ಓದಿಲ್ಲ.

2019ರ ಇನ್ನೊಂದು ಅಧ್ಯಯನ ನೈಮೇಗನ್ನಿನದೇ. 130 ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಮನೆಗೇ ನಿಂತಲ್ಲೇ ತುಳಿಯುವ ಸೈಕಲ್ಲು ಹೋಯಿತು. ಎದುರಿನ ಪರದೆಯಲ್ಲಿ ಆಟಗಳು, ನಿಜವಾದ ರಸ್ತೆಗಳ ಚಿತ್ರಗಳು. ಉಳಿದರ್ಧ ಮಂದಿಗೆ ಮೈ ಹಿಗ್ಗಿಸುವ ವ್ಯಾಯಾಮ. ಆರು ತಿಂಗಳ ನಂತರ, ಔಷಧದ ಪ್ರಭಾವ ಇಲ್ಲದ ಹೊತ್ತಿನಲ್ಲಿ ಅಳೆದಾಗ, ಸೈಕಲ್ಲಿನವರ ಚಲನೆ ಕೆಟ್ಟದ್ದು ಕಡಿಮೆ. ವ್ಯತ್ಯಾಸ ದೊಡ್ಡದೇನಲ್ಲ, ಕಾಯಿಲೆ ವಾಸಿಯಾಗುವ ಮಾತೂ ಅಲ್ಲ. ಆದರೆ ಹಾಸಿಗೆ ಹಿಡಿಯುವ ದಿನವನ್ನು ಲೆಕ್ಕ ಹಾಕುತ್ತ ಕೂತವನ ಮನೆಯವರಿಗೆ ಆ ಸಣ್ಣ ವ್ಯತ್ಯಾಸದ ಬೆಲೆ ಗೊತ್ತು.

ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಅಣ್ಣನಿಗೆ ಫೋನು ಮಾಡಿದೆ. ಎಲ್ಲ ಕೇಳಿ, ‘ಸೈಕಲ್ ಹತ್ತಿಸಿ ಇನ್ನೊಂದು ಕೈ ಮುರಿಸ್ತೀಯೇನೋ?’ ಎಂದ. ಸ್ವರ ಸಣ್ಣದಾಗಿತ್ತು. ಅತ್ತಿಗೆ ಫೋನು ಕಸಿದುಕೊಂಡು ‘ನೀವು ಬೇಗ ಬನ್ನಿ’ ಎಂದಷ್ಟೇ ಹೇಳಿದರು.

ಊರಿಗೆ ಬಂದಮೇಲೆ ವೈದ್ಯರನ್ನೂ ಫಿಸಿಯೋಥೆರಪಿಯವರನ್ನೂ ಕೇಳಿ, ಅವರು ಹೂಂ ಎಂದ ಮೇಲೆ ಶಿವಮೊಗ್ಗದಿಂದ ವ್ಯಾಯಾಮದ ಸೈಕಲ್ಲು ತಂದೆವು. ಹೊಸಿಲ ಈಚೆಗೆ ನಾನೇ ಸೀಮೆಸುಣ್ಣದಲ್ಲಿ ನಾಲ್ಕು ಅಡ್ಡಗೆರೆ ಎಳೆದೆ. ಮೇಷ್ಟ್ರ ಕೈಗೆ ಅದೊಂದೇ ತಾನೇ ಒಗ್ಗಿದ ಉಪಕರಣ! ಗೆರೆ ಕಂಡರೆ ಅಣ್ಣ ಹೆಚ್ಚಿನ ಸಲ ದಾಟುತ್ತಾನೆ, ಕೆಲವು ಸಲ ನಿಲ್ಲುತ್ತಾನೆ. ಅಣ್ಣನ ಮಗ ಸ್ಕೂಟರಿಗೆ ಮೊಬೈಲು ಕಟ್ಟಿ, ಅಪ್ಪ ಅಂಚೆ ಹಂಚುತ್ತಿದ್ದ ದಾರಿಯನ್ನೆಲ್ಲ ಚಿತ್ರೀಕರಿಸಿ ಟೀವಿಗೆ ಹಾಕಿದ. ಇದನ್ನು ವರ್ಚುವಲ್ ರಿಯಾಲಿಟಿ ಎಂದರೆ ನೈಮೇಗನ್ನಿನವರು ನಕ್ಕಾರು. ಮೊದಲ ದಿನ ಅಣ್ಣ ಮಾತಿಲ್ಲದೆ ಹತ್ತು ನಿಮಿಷ ತುಳಿದ. ಅಡಿಕೆ ತೋಟ ಕಳೆದು ಸಂಕ ದಾಟಿದ ಮೇಲೆ ಇದ್ದಕ್ಕಿದ್ದಂತೆ ಟೀವಿಯತ್ತ ಕೈ ತೋರಿಸಿ ಕೂಗಿದ:

‘ಇಲ್ಲಿ ಎಡಕ್ಕೆ ತಿರುಗಬೇಕಿತ್ತಲ್ಲೋ! ಭಟ್ಟರ ಮನೆ ಬಿಟ್ಟೇ ಹೋಯ್ತು!’