ತಂದೆಯವರ ಜನತಾ ಗಡಿಯಾರ

ಪರೀಕ್ಷಾ ಕೊಠಡಿಯಲ್ಲಿ ನಾನು ಮೇಜಿನ ಮೇಲೆ ಬಿಚ್ಚಿಡುತ್ತಿದ್ದ ಕೈಗಡಿಯಾರ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ತಂದೆಯವರಿಂದ ಬಂದ ಆ ಎಚ್‌ಎಂಟಿ ಜನತಾ ಕಳೆದ ವರ್ಷ ನಿಂತೇಹೋಯಿತು.

ನಾಗಸಂದ್ರದ ನಮ್ಮ ಮನೆಯಿಂದ ಜಾಲಹಳ್ಳಿ ಬಹುದೂರವೇನಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಎಚ್‌ಎಂಟಿಯವರು ಕೈಗಡಿಯಾರದ ಕಾರ್ಖಾನೆ ತೆರೆದದ್ದು ಅಲ್ಲಿಯೇ. 2016ರಲ್ಲಿ ಕೇಂದ್ರ ಸರ್ಕಾರ ಆ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ತವರಿನ ಪಕ್ಕದಲ್ಲಿದ್ದೂ ನನ್ನ ಗಡಿಯಾರ ಅನಾಥ!

ದೊಡ್ಡ ಅಂಗಡಿಯೊಂದರಲ್ಲಿ ಮುಚ್ಚಳವನ್ನೂ ತೆರೆಯದೆ, "ಮಷಿನ್ ತೆಗೆದು ಬ್ಯಾಟರಿಯದು ಹಾಕೋಣ ಸಾರ್" ಎಂದರು. ಇನ್ನೊಬ್ಬರು ವಾರ ಬಿಟ್ಟು ಬನ್ನಿ ಎಂದರು. ಒಪ್ಪಿಸಲು ಧೈರ್ಯ ಬರಲಿಲ್ಲ. ಹಳೆಯ ಜನತಾಗಳ ಭಾಗಗಳನ್ನು ಅದಲುಬದಲು ಮಾಡಿ, ಡಯಲ್ಲಿಗೆ ಹೊಸ ಬಣ್ಣ ಬಳಿದು ಮಾರುವವರಿದ್ದಾರೆ.

ಕೊನೆಗೆ ಓಣಿಯೊಂದರ ಪುಟ್ಟ ಅಂಗಡಿಯ ಹಿರಿಯರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನನ್ನೆದುರಿಗೇ ಮುಚ್ಚಳ ತೆರೆದರು. "ಇಲ್ನೋಡಿ ಮೇಷ್ಟ್ರೇ, ಎಲ್ಲಾ ಒರಿಜಿನಲ್ಲು. ಎಣ್ಣೆ ಒಣಗಿ ಅಂಟಾಗಿದೆ. ಬಿಚ್ಚಿ ತೊಳೀಬೇಕು. ಸ್ಪ್ರಿಂಗ್ ಸೋತಿದೆ, ಬದಲಾಯಿಸಿ ಹಳೇದನ್ನ ನಿಮ್ಮ ಕೈಗೇ ಕೊಡ್ತೀನಿ." ಒಳಭಾಗದ ಫೋಟೋ ತೆಗೆದುಕೊಳ್ಳಲು ಅವರಾಗಿಯೇ ಹೇಳಿದರು. ಡಯಲ್ಲಿನ ಕಲೆ ತೆಗೆಯಬಹುದೇ ಎಂದು ಕೇಳಿದೆ. "ಮುಟ್ಟಿದ್ರೆ ಅಕ್ಷರ ಅಳಿಸಿಹೋಗತ್ತೆ, ಬೇಡ" ಎಂದರು. ಬರುವ ದುಡ್ಡನ್ನು ಬೇಡವೆಂದ ಆ ಮಾತಿನಿಂದಲೇ ನನಗೆ ನಂಬಿಕೆ ಹುಟ್ಟಿತು.

ಹತ್ತು ದಿನಕ್ಕೆ ಗಡಿಯಾರ ಬಂತು, ಕಾಗದದ ಪೊಟ್ಟಣದಲ್ಲಿ ಹಳೆಯ ಸ್ಪ್ರಿಂಗೂ ಬಂತು. ಈಗ ತಂದೆಯವರಂತೆ ಬೆಳಗಿನ ಕಾಫಿಯಾದ ಮೇಲೆ ಕೀಲಿ ಕೊಡುತ್ತೇನೆ. ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ. ತಂದುಕೊಟ್ಟರೆ ಸರಿಪಡಿಸುವೆನೆಂದು ಹೇಳಿದ್ದಾರೆ. ನಾನೇ ಇನ್ನೂ ಹೋಗಿಲ್ಲ.