ಓಟದ ದಾರಿಯಲ್ಲಿ ಒಂದಿಷ್ಟು ಸೌಜನ್ಯ

ನಮ್ಮ ಹಾವೇರಿ ಸೀಮೆಯಲ್ಲಿ ಓಟವೆಂದರೆ ಮೊದಲು ನೆನಪಾಗುವುದು ಮನುಷ್ಯರ ಓಟವಲ್ಲ, ಹೋರಿಗಳ ಓಟ. ದೀಪಾವಳಿ ಬಂತೆಂದರೆ ಕೊಬ್ಬರಿ ಮಾಲೆ, ಬಲೂನು, ಜೂಲಗಳಿಂದ ಸಿಂಗಾರಗೊಂಡ ಹೋರಿಗಳು ಊರೂರಿನಲ್ಲಿ ಅಖಾಡಕ್ಕೆ ಇಳಿಯುತ್ತವೆ. ಅಲ್ಲಿ ನೆರೆದ ಜನ ಓಡುವವನಿಗೆ ದಾರಿ ಬಿಡುವುದಿಲ್ಲ; ಅಡ್ಡ ನಿಂತು, ಮೈಮೇಲೆ ಬಿದ್ದು, ಕೊರಳಿನ ಕೊಬ್ಬರಿ ಹರಿದವನೇ ಅಂದಿನ ಶೂರ. ನೋಡಲು ಮೈ ನವಿರೇಳಿಸುವ ಆಟ, ನಿಜ. ಗಾಯಗೊಂಡವರ, ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಓದಿ ನೊಂದದ್ದೂ ಉಂಟು. ಆ ಚರ್ಚೆ ಇನ್ನೊಮ್ಮೆ ಇರಲಿ. ಓಟದ ದಾರಿಯೆಂದರೆ ನುಗ್ಗುವ ದಾರಿ ಎಂಬ ಭಾವನೆ ನಮ್ಮಲ್ಲಿ ಬಾಲ್ಯದಿಂದಲೇ ಬೇರೂರಿದೆ ಎಂದು ತಿಳಿಸುವುದಕ್ಕಷ್ಟೇ ಇದನ್ನು ಹೇಳಿದೆ.

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಮನೆಗೆ ಬಂದಿದ್ದರು. ಒಬ್ಬಾತ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ, ಇನ್ನೊಬ್ಬಾಕೆ ನರ್ಸ್. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಮೂರು ಸಲ ಹಳ್ಳಿಯಿಂದ ಬರಬೇಕಾದ ಬಡವರ ಬಸ್ ಚಾರ್ಜಿಗಾಗಿ ಹಣ ಕೂಡಿಸಲು ಒಂದು ಓಟ ಏರ್ಪಡಿಸುವರಂತೆ. ಬ್ಯಾಡಗಿಯಿಂದ ಮೋಟೆಬೆನ್ನೂರಿನ ಕಡೆ ಹೋಗಿ ಮರಳುವ ದಾರಿ. "ಸರ್ರ, ನೀವು ಕನ್ನಡ ಮಾಸ್ತರು. ಓಡಾಕ ಬರೋ ಮಂದಿ ಹೆಂಗ ನಡಕೊಬೇಕು ಅನ್ನೋದನ್ನ ಒಂದು ಹಾಳಿಯೊಳಗ ಬರದು ಕೊಡ್ರಿ" ಎಂದರು. ಒಂದು ಹಾಳೆಯಲ್ಲಿ ಮುಗಿಯುವ ವಿಷಯವಲ್ಲವೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೋಟೆಬೆನ್ನೂರು ಎಂದೊಡನೆ ನನ್ನ ವಿದ್ಯಾರ್ಥಿಗಳಿಗೆ ಮೈಲಾರ ಮಹದೇವಪ್ಪನವರ ನೆನಪು ಬರಲೇಬೇಕು. ಬಾರದಿದ್ದರೆ ನನ್ನ ಮೂವತ್ತು ವರ್ಷಗಳ ಪಾಠ ವ್ಯರ್ಥ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ಹೆಜ್ಜೆ ಹಾಕಿದ ಏಕೈಕ ಕನ್ನಡಿಗ ಅವರು. ಆಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ದಂಡಿಯ ಆ ನಡಿಗೆಯಲ್ಲಿ ನಡೆದ ಒಂದು ಪ್ರಸಂಗ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಸೂರತ್ ಜಿಲ್ಲೆಯ ಭಟಗಾಮದ ಬಳಿ ರಾತ್ರಿಯ ಹೊತ್ತು ದಾರಿಗೆ ಬೆಳಕಾಗಲೆಂದು ಕೂಲಿಯಾಳೊಬ್ಬನ ತಲೆಯ ಮೇಲೆ ಭಾರವಾದ ದೀಪವನ್ನು ಹೊರಿಸಿ, ಬೇಗ ಬೇಗ ನಡೆಯೆಂದು ಅವನನ್ನು ಅವಸರಪಡಿಸುತ್ತಿದ್ದರು. ಅದನ್ನು ಕಂಡ ಗಾಂಧೀಜಿ ನಾಚಿ, ನೊಂದು, ಊರಿನ ಸಭೆಯಲ್ಲಿಯೇ ತಮ್ಮವರನ್ನು ತರಾಟೆಗೆ ತೆಗೆದುಕೊಂಡರು. ಸೂರತ್‌ನಿಂದ ಲಾರಿಯಲ್ಲಿ ಹಾಲು ತರಿಸಿದ್ದನ್ನೂ ಅವರು ಬಿಡಲಿಲ್ಲ. ಬಡವರಿಗಾಗಿ ಹೊರಟ ನಡಿಗೆಯೇ ಒಬ್ಬ ಬಡವನ ತಲೆಯ ಮೇಲೆ ಭಾರವಾಯಿತಲ್ಲ ಎಂಬುದು ಅವರ ಸಂಕಟ.

ಇಂದಿನ ಓಟಗಳಲ್ಲಿ ಆ ದೀಪದ ಜಾಗವನ್ನು ನೀರಿನ ಲೋಟ ಹಿಡಿದಿದೆ. ಎರಡು ಗುಟುಕು ಕುಡಿದು, ಉಳಿದುದನ್ನು ತಲೆಗೆ ಸುರಿದುಕೊಂಡು, ಲೋಟವನ್ನು ನಡುರಸ್ತೆಗೆ ಎಸೆದು ಓಡುವವರನ್ನು ಕಂಡಿದ್ದೇನೆ. ಹಿಂದೆ ಬರುವವನು ಅದರ ಮೇಲೆ ಕಾಲಿಟ್ಟು ಜಾರುತ್ತಾನೆ. ಓಟ ಮುಗಿದ ಮೇಲೆ ಬಗ್ಗಿ ಬಗ್ಗಿ ಅವನ್ನು ಆಯುವವರು ಪೌರಕಾರ್ಮಿಕ ಹೆಣ್ಣುಮಕ್ಕಳು. ನೀರಿನ ಮೇಜಿನಿಂದ ಹತ್ತು ಮಾರು ದೂರದಲ್ಲೊಂದು ಬುಟ್ಟಿ ಇರುತ್ತದೆ. ಅಲ್ಲಿಯವರೆಗೆ ಲೋಟ ಹಿಡಿದಿದ್ದರೆ ಯಾರ ಪದಕವೂ ತಪ್ಪುವುದಿಲ್ಲ.

ನಾನು ಓಟಗಾರನಲ್ಲ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆಯ ದೆಸೆಯಿಂದ ನಡಿಗೆ ಹಿಡಿದವನು. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ಹತ್ತು ಕಿಲೋಮೀಟರ್ ಓಟದಲ್ಲಿ ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಬೇರೆ ಬೇರೆ ವಿಭಾಗಗಳುಂಟು. 'ಮಜಾ ರನ್' ಎಂಬ ಸಂತೋಷದ ಓಟವೂ ಉಂಟು. ಮಗಳ ಮನೆಗೆ ಹೋದಾಗ ಅವಳ ಒತ್ತಾಯಕ್ಕೆ ಮಣಿದು ಅಂಥ ಓಟಗಳಲ್ಲಿ ಒಂದೆರಡು ಬಾರಿ ಪಾಲ್ಗೊಂಡೆ. ಒಂದು ಸಲ ಐದಾರು ಯುವಕರು ರಸ್ತೆಯಗಲಕ್ಕೂ ಸಾಲಾಗಿ, ಕೈ ಕೈ ಹಿಡಿದು, ಫೋಟೋ ತೆಗೆದುಕೊಳ್ಳುತ್ತ ನಡೆಯುತ್ತಿದ್ದರು. ಅವರ ಹಿಂದೆ ಅಂಧ ಓಟಗಾರನೊಬ್ಬ. ಅವನ ಮಣಿಕಟ್ಟಿಗೂ ಜೊತೆಗಾರನ ಮಣಿಕಟ್ಟಿಗೂ ಒಂದೇ ಗೇಣುದ್ದದ ಹಗ್ಗ. ಜೊತೆಗಾರ "ದಾರಿ ಬಿಡಿ, ದಾರಿ ಬಿಡಿ" ಎಂದು ಮೂರು ಸಲ ಕೂಗಿದರೂ ಕಿವಿಗೆ ಹಾಡು ತುರುಕಿಕೊಂಡಿದ್ದ ಆ ಮಕ್ಕಳಿಗೆ ಕೇಳಿಸಲಿಲ್ಲ. ಕೊನೆಗೆ ಅವರಿಬ್ಬರೂ ನಿಲ್ಲಬೇಕಾಯಿತು. ಆ ಯುವಕರೇನೂ ದುಷ್ಟರಲ್ಲ. ಕೇಳಿಸಿದ ಮರುಕ್ಷಣ ಕ್ಷಮೆ ಬೇಡಿ ಬದಿಗೆ ಸರಿದರು. ಆದರೆ ಅಂಗಿಯ ಮೇಲೆ ಅಂಗವಿಕಲರ ನೆರವಿಗಾಗಿ ಎಂದು ಅಚ್ಚುಹಾಕಿಸಿಕೊಂಡವರೂ ಅವರೇ ಆಗಿದ್ದರು.

ಇಂಥ ಓಟಗಳಿಗೆ ಸ್ಫೂರ್ತಿಯಾದ ಕೆನಡಾದ ಟೆರ್ರಿ ಫಾಕ್ಸ್ ಒಂದು ಕಾಲನ್ನು ಕ್ಯಾನ್ಸರಿಗೆ ಒಪ್ಪಿಸಿದ್ದ ತರುಣ. ಅವನು 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಮರುವರ್ಷದಿಂದ ಅವನ ಹೆಸರಿನಲ್ಲಿ ನಡೆಯುತ್ತಿರುವ ಓಟದಲ್ಲಿ ಸ್ಪರ್ಧೆಯಿಲ್ಲ. ನಮ್ಮವರೂ ಬಹುಮಾನದ ಹಣವನ್ನು ಬಸ್ ಚಾರ್ಜಿನ ನಿಧಿಗೇ ಸೇರಿಸುವುದು ಒಳಿತೆಂದು ನನ್ನ ಅಭಿಪ್ರಾಯ. ವ್ಯಾಪಾರಿ ಶಿಷ್ಯನಿಗೆ ಇದು ಹಿಡಿಸಿಲ್ಲ. ಕಪ್ಪು ಇಲ್ಲದಿದ್ದರೆ ಹುಡುಗರು ಬರುವುದಿಲ್ಲವೆಂಬುದು ಅವನ ವಾದ. ಇರಬಹುದು.

ಆದರೆ ಒಂದು ವಿಷಯದಲ್ಲಿ ನಾನು ರಾಜಿಯಾಗಲಾರೆ. ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಪಟ್ಟಿಯನ್ನು 'ಬಿಬ್' ಎನ್ನುತ್ತಾರೆ. ಅದು ಸಿನೆಮಾ ಟಿಕೇಟಲ್ಲ, ಬೇರೆಯವರಿಗೆ ದಾಟಿಸುವಂಥದ್ದಲ್ಲ. ಕೆಲ ವರ್ಷಗಳ ಹಿಂದೆ ಮಹಾನಗರವೊಂದರ ಓಟಕ್ಕೆ ನನ್ನ ಸೋದರಳಿಯ ಹೆಸರು ಕೊಟ್ಟಿದ್ದ. ಹಿಂದಿನ ರಾತ್ರಿ ಕಚೇರಿಯ ಕೆಲಸ ತಡವಾಗಿ ಮುಗಿದುದರಿಂದ ಪಟ್ಟಿಯನ್ನು ಕೋಣೆಯ ಗೆಳೆಯನಿಗೆ ಕೊಟ್ಟು ಮಲಗಿದ. ಗೆಳೆಯ ಎಂಟನೆಯ ಕಿಲೋಮೀಟರಿನಲ್ಲಿ ಕುಸಿದು ಬಿದ್ದ. ಪ್ರಥಮ ಚಿಕಿತ್ಸೆಯವರು ಪಟ್ಟಿ ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ನನ್ನ ಅಳಿಯನ ಹೆಸರು, ಅವನ ರಕ್ತದ ಗುಂಪು, ರಾಣೆಬೆನ್ನೂರಿನಲ್ಲಿರುವ ಅವನ ತಾಯಿಯ, ಎಂದರೆ ನನ್ನ ತಂಗಿಯ ಫೋನ್ ನಂಬರು. ಕಾಯಿಲೆಗಳೇನಾದರೂ ಇವೆಯೇ ಎಂಬಲ್ಲಿ 'ಇಲ್ಲ' ಎಂದಿತ್ತು. ಬಿದ್ದ ಹುಡುಗನಿಗೋ ಚಿಕ್ಕಂದಿನಿಂದ ಉಬ್ಬಸ.

ಬೆಳಗಿನ ಏಳೂವರೆಗೆ ತಂಗಿಗೆ ಫೋನು: ನಿಮ್ಮ ಮಗನಿಗೆ ಪ್ರಜ್ಞೆಯಿಲ್ಲ, ಆಸ್ಪತ್ರೆಗೆ ಒಯ್ಯುತ್ತಿದ್ದೇವೆ. ಅವಳು ನನಗೆ ತಿಳಿಸಿದಾಗ ನಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಸ್ ನಿಲ್ದಾಣಕ್ಕೆ ಓಡಿದೆ. ಮಗನ ಫೋನು ಬಾರಿಸುತ್ತಿತ್ತು, ಎತ್ತುವವರಿಲ್ಲ. ನಲವತ್ತು ನಿಮಿಷದ ಮೇಲೆ ನಿದ್ದೆಗಣ್ಣಿನಲ್ಲಿ ಅವನೇ ತಾಯಿಗೆ ಮಾತನಾಡಿದ. ಗೆಳೆಯನ ಹೆತ್ತವರಿಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನಕ್ಕೆ. ದೇವರ ದಯೆಯಿಂದ ಆ ಹುಡುಗ ಮೂರನೆಯ ದಿನ ಮನೆಗೆ ಬಂದ. ಸಂಜೆ ತಂಗಿಯ ಮನೆಯಲ್ಲಿ ಕುಳಿತಿದ್ದಾಗ ಅವಳು ಹೇಳಿದ ಮಾತು ನನ್ನಲ್ಲಿ ಉಳಿದಿದೆ: "ಅಣ್ಣಾ, ನನ್ನ ಮಗ ಅಲ್ಲ ಅಂತ ಗೊತ್ತಾದ ಕೂಡ್ಲೆ ಜೀವ ತಂಪಾತು. ಹಂಗ ತಂಪಾತಲ್ಲ ಅಂತ ನಾಚಿಕಿ ಬಂತು." ಆ ಬಳಿಕ ಅವಳು ಇನ್ನೊಬ್ಬ ತಾಯಿಯ ನಂಬರು ಹುಡುಕಿಸಿ, ಬಹಳ ಹೊತ್ತು ಮಾತನಾಡಿದಳು.

ಉಳಿದವು ಸಣ್ಣ ಮಾತುಗಳು. ನಡೆಯುವವರು ಹೊರಡುವಾಗಲೇ ಹಿಂದಿನ ಸಾಲಿನಲ್ಲಿ ನಿಲ್ಲಿರಿ, ಎಡಬದಿ ಹಿಡಿಯಿರಿ. ಶೂ ಲೇಸು ಕಟ್ಟಿಕೊಳ್ಳುವುದಿದ್ದರೆ ಹಿಂದೆ ನೋಡಿ, ಅಂಚಿಗೆ ಸರಿದು ಬಗ್ಗಿರಿ. ಉಗುಳುವ ಚಟವನ್ನು ಮನೆಯಲ್ಲೇ ಬಿಟ್ಟು ಬನ್ನಿ. ನಮ್ಮ ಸೀಮೆಗೇ ವಿಶೇಷವಾದ ಎರಡು ವಿಷಯಗಳನ್ನು ಸಂಘಟಕರಿಗೆ ಹೇಳಿದ್ದೇನೆ. ಒಂದು, ಮೆಣಸಿನಕಾಯಿ ಸುಗ್ಗಿಯಲ್ಲಿ, ಮಾರುಕಟ್ಟೆಯ ದಿನ ಓಟ ಇಡಬೇಡಿ. ಚೀಲ ಹೇರಿದ ಗಾಡಿಗಳ ಸಾಲು ತಪ್ಪಿಸಿಕೊಂಡರೂ ಘಾಟು ತಪ್ಪದು, ಮೊದಲನೆಯವನಿಂದ ಕೊನೆಯವನವರೆಗೆ ಎಲ್ಲರೂ ಸೀನುತ್ತಲೇ ಗುರಿ ಮುಟ್ಟಬೇಕಾದೀತು. ಎರಡು, ಗೋವಿನಜೋಳ ಒಣಗುವ ಕಾಲವಾದರೆ ರೈತರು ರಸ್ತೆಯ ಅಂಚಿಗೇ ಕಾಳು ಹರವಿರುತ್ತಾರೆ. ರಸ್ತೆ ಒಕ್ಕಲು ಮಾಡುವ ಜಾಗವಲ್ಲ ಎಂದು ಅವರೊಡನೆ ಅಂದು ಜಗಳಕ್ಕಿಳಿಯುವುದು ಬೇಡ. ಹಿಂದಿನ ದಿನವೇ ಹೋಗಿ ವಿನಂತಿಸಿಕೊಂಡರೆ ಒಂದು ಬದಿ ಖಾಲಿ ಮಾಡಿ ಕೊಡುತ್ತಾರೆ. ಅವರಲ್ಲಿಯೇ ಇಬ್ಬರು ಕೊಡಪಾನದಲ್ಲಿ ನೀರು ಹಿಡಿದು ನಿಂತರೂ ಆಶ್ಚರ್ಯವಿಲ್ಲ. ದೇವರಗುಡ್ಡದ ಕಡೆ ನಡೆದು ಹೋಗುವ ಭಕ್ತರಿಗೆ ಈ ಜನ ನೀರು ಕೊಡುವುದನ್ನು ನೋಡುತ್ತಲೇ ಬೆಳೆದವರು ನಾವು.

ಕೊನೆಯ ಓಟಗಾರ ಬರುವವರೆಗೆ ಬಾಳೆಹಣ್ಣು ಉಳಿಸಿರಬೇಕೆಂಬ ಷರತ್ತಿಗೆ ಸಂಘಟಕರು ಒಪ್ಪಿದ್ದಾರೆ. ಆ ಕೊನೆಯವನು ಬಹುಶಃ ನಾನೇ. ಬರಲಾಗದವರು ಪಟ್ಟಿಯಲ್ಲಿ ಹೆಸರು ಬದಲಿಸಿಕೊಳ್ಳಲು ಓಟದ ಹಿಂದಿನ ಸಂಜೆ ಒಂದು ಮೇಜು ಹಾಕಲಾಗುತ್ತದೆ. ಅಲ್ಲಿ ರಾತ್ರಿ ಒಂಬತ್ತರವರೆಗೆ ಕೂರಲು ನನ್ನ ಅಳಿಯ ರಜೆ ಹಾಕಿ ಬರುತ್ತಿದ್ದಾನೆ.