ನಾಲ್ವರು ಗೆಳೆಯರು, ಒಂದು ಕಾರು, ಹನ್ನೆರಡು ತಟ್ಟೆಗಳು

'ಅಮ್ಮಾ, ಮುಂದಿನ ವಾರ ರಜೆ. ನಾವು ನಾಲ್ಕು ಜನ ತಟ್ಟೆ ಎಸೆಯುವುದಕ್ಕೆ ಒಂಬೈನೂರು ಕಿಲೋಮೀಟರ್ ಸುತ್ತಿ ಬರುತ್ತೇವೆ.' ಅಮೆರಿಕದ ಅಟ್ಲಾಂಟಾದಲ್ಲಿ ಓದುತ್ತಿರುವ ಮಗ ಫೋನಿನಲ್ಲಿ ಹೀಗೆ ಹೇಳಿದರೆ ಹಾಸನದಲ್ಲೋ ದಾವಣಗೆರೆಯಲ್ಲೋ ಕುಳಿತ ತಾಯಿಗೆ ಏನನ್ನಿಸಬೇಡ? ಓದಲು ಕಳಿಸಿದ ಹುಡುಗನಿಗೆ ಬುದ್ಧಿ ಕೆಟ್ಟಿತೆಂದೇ ಅನ್ನಿಸೀತು. ತಂದೆಯ ಮೊದಲ ಪ್ರಶ್ನೆ ಬೇರೆಯದೇ ಇರುತ್ತದೆ: 'ಕಾರು ಓಡಿಸುವವರು ಯಾರು?' ಆಟಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ. ಆದರೂ ಮೊದಲು ಆಟವೇನೆಂದು ನೋಡೋಣ.

ಡಿಸ್ಕ್ ಗಾಲ್ಫ್ ಎಂಬುದು ಗಾಲ್ಫಿನ ಬಡ ತಮ್ಮ. ಕೋಲು, ಚೆಂಡು, ಗುಳಿ ಯಾವುದೂ ಇಲ್ಲ. ಅಂಗೈಯಗಲಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ತಟ್ಟೆಯನ್ನು ಕೈಯಿಂದ ಎಸೆದು, ದೂರದಲ್ಲಿ ಕಂಬಕ್ಕೆ ಸಿಕ್ಕಿಸಿದ ಸರಪಳಿ ಬುಟ್ಟಿಗೆ ಬೀಳಿಸಬೇಕು. ಎಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸಿದಿರಿ ಎಂಬುದೇ ಲೆಕ್ಕ. ಸಾಮಾನ್ಯವಾಗಿ ಹದಿನೆಂಟು ಬುಟ್ಟಿಗಳು, ಎರಡು ಮೂರು ಗಂಟೆಯ ನಡಿಗೆ. ತಟ್ಟೆ ಬಿದ್ದ ಜಾಗದಿಂದಲೇ ಮುಂದಿನ ಎಸೆತ. ಬುಟ್ಟಿಗೆ ಯಾರು ಹೆಚ್ಚು ದೂರವೋ ಅವರು ಮೊದಲು ಎಸೆಯಬೇಕು. ಅಮೆರಿಕದಲ್ಲಿ ಇಂಥ ಆಟದ ಅಂಗಳಗಳು ಸಾವಿರಗಟ್ಟಲೆ ಇವೆ. ಬಹುಪಾಲು ಊರಿನ ಉದ್ಯಾನಗಳಲ್ಲೇ ಇದ್ದು, ಆಡಲು ಕಾಸು ಕೊಡಬೇಕಾಗಿಲ್ಲ. ತಟ್ಟೆಯೊಂದಕ್ಕೆ ಹತ್ತರಿಂದ ಇಪ್ಪತ್ತು ಡಾಲರ್. ವಿದ್ಯಾರ್ಥಿಗಳು ಈ ಆಟಕ್ಕೆ ಬೀಳಲು ಬೇರೆ ಕಾರಣ ಬೇಕೆ?

ಕೆರೆಯ ನೀರಿನ ಮೇಲೆ ಹಂಚಿನ ಚೂರು ಎಸೆದು ಕಪ್ಪೆ ಹಾರಿಸಿದ ನಮ್ಮ ಹುಡುಗರಿಗೆ ಇದರ ಗುಟ್ಟು ಅರ್ಧ ಗೊತ್ತು. ಕೈ ತಿರುವಿದಷ್ಟೂ ಹಂಚು ಮುಂದೆ ಹೋಗುತ್ತದೆ. ತಟ್ಟೆಯದೂ ಅಷ್ಟೆ. ಗಿರಗಿರನೆ ತಿರುಗುವವರೆಗೆ ಬುಗುರಿಯ ಹಾಗೆ ನೆಟ್ಟಗೆ ನಿಂತು ಗಾಳಿಯ ಮೇಲೆ ತೇಲುತ್ತದೆ. ವೇಗ ಕುಗ್ಗಿದಾಗ ಗಾಳಿ ಅದನ್ನು ಎತ್ತುವ ಜಾಗ ಬದಲಾಗಿ ಒಂದು ಕಡೆಗೆ ವಾಲುತ್ತದೆ. ಬಲಗೈಯವರು ಎದೆಗೆ ಅಡ್ಡವಾಗಿ ತಂದು ಬೀಸಿ ಎಸೆದ ತಟ್ಟೆ ಕೊನೆಗೆ ಎಡಕ್ಕೇ ತಿರುಗುವುದು ಇದರಿಂದ. ಇದನ್ನು ತಿಳಿಯದವರ ತಟ್ಟೆಗಳು ಎಡಗಡೆಯ ಮರಗಳಲ್ಲಿ ನೇತಾಡುತ್ತಿರುತ್ತವೆ. ಸಾಧಾರಣ 21 ಸೆಂಟಿಮೀಟರ್ ಅಗಲದ ತಟ್ಟೆ ಸುಮಾರು 175 ಗ್ರಾಂ ಮೀರಬಾರದೆಂಬ ನಿಯಮವಿದೆ. ದೂರಕ್ಕೆ ಚೂಪು ಅಂಚಿನದು, ನಡುದೂರಕ್ಕೆ ಮೊಂಡು ಅಂಚಿನದು, ಬುಟ್ಟಿಯ ಹತ್ತಿರಕ್ಕೆ ದುಂಡು ಅಂಚಿನದು. ತಲೆಗೆ ಮೂರರಂತೆ ನಾಲ್ವರಿಗೆ ಹನ್ನೆರಡು ಸಾಕು. ಅಂಗಡಿಯವನು ಇಪ್ಪತ್ತು ಬೇಕೆನ್ನುತ್ತಾನೆ. ಅವನ ಮಾತು ಕೇಳಬಾರದು.

ಅಟ್ಲಾಂಟಾದಿಂದ ಹೊರಟು ಅಟ್ಲಾಂಟಾಕ್ಕೇ ಮರಳುವ ಒಳ್ಳೆಯ ಸುತ್ತೊಂದುಂಟು. ಪೂರ್ವಕ್ಕೆ ಐ-20 ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ಹೋದರೆ ಆಪ್ಲಿಂಗ್. ಅಲ್ಲಿಂದ ಆಗಸ್ಟಾ ದಾಟಿ ದಕ್ಷಿಣ ಕೆರೊಲಿನಾದ ರಾಜಧಾನಿ ಕೊಲಂಬಿಯಾ. ಅಲ್ಲಿ ಐ-77 ಹಿಡಿದು ಉತ್ತರಕ್ಕೆ ನೂರಹತ್ತು ಕಿ.ಮೀ. ಹೋದರೆ ರಾಕ್ ಹಿಲ್, ಮತ್ತೆ ನಲವತ್ತು ಕಿ.ಮೀ. ಆಚೆ ಷಾರ್ಲಟ್ ನಗರ. ಅಲ್ಲಿಂದ ಐ-85ರಲ್ಲಿ ನೇರ ಹಿಂದಕ್ಕೆ. ಒಟ್ಟು ಒಂಬೈನೂರು ಕಿ.ಮೀ. ಚಿಲ್ಲರೆ, ಮೂರು ರಾಜ್ಯ, ಮೂರು ರಾತ್ರಿ. ಕಾಗದದ ಮೇಲೆ ಎರಡೇ ದಿನದಲ್ಲಿ ಮುಗಿಯುವಂತೆ ಕಾಣುತ್ತದೆ. ಹಾಗೆ ಮಾಡಿದರೆ ಆಟ ಹೋಗಿ ಬರೀ ಡ್ರೈವಿಂಗ್ ಉಳಿಯುತ್ತದೆ.

ಆಪ್ಲಿಂಗ್ ಸಣ್ಣ ಊರು. ಅದರ ಬಳಿ ವೈಲ್ಡ್‌ವುಡ್ ಪಾರ್ಕ್ ಎಂಬ ವನದಲ್ಲಿ, ದೊಡ್ಡ ಜಲಾಶಯವೊಂದರ ದಂಡೆಯ ಮೇಲೆ, ಈ ಆಟದ ವೃತ್ತಿಪರ ಸಂಘ 2007ರಲ್ಲಿ ತೆರೆದ ಅಂತರರಾಷ್ಟ್ರೀಯ ಕೇಂದ್ರವಿದೆ. (ಜಲಾಶಯಕ್ಕೆ ಸರ್ಕಾರ ಸ್ಟ್ರಾಮ್ ಥರ್ಮಂಡ್ ಎಂಬ ದಕ್ಷಿಣ ಕೆರೊಲಿನಾದ ರಾಜಕಾರಣಿಯ ಹೆಸರಿಟ್ಟಿತು. ಜಾರ್ಜಿಯಾದವರ ಬಾಯಲ್ಲಿ ಅದು ಇಂದಿಗೂ ಹಳೆಯ ಕ್ಲಾರ್ಕ್ಸ್ ಹಿಲ್ ಕೆರೆಯೇ. ಹೆಸರಿನ ಜಗಳ ನಮಗೊಬ್ಬರಿಗೇ ಮೀಸಲಲ್ಲ.) ಪೈನ್ ಮರಗಳ ನಡುವೆ ಮೂರು ಅಂಗಳಗಳು. ಹೊಸಬರು ಎಡ್ ಹೆಡ್ರಿಕ್ ಹೆಸರಿನ ಅಂಗಳದಲ್ಲಿ ಆಡುವುದು ಕ್ಷೇಮ. ಡಬ್ಲ್ಯು. ಆರ್. ಜಾಕ್ಸನ್ ಅಂಗಳ ಪಳಗಿದವರಿಗೆ. ಅಲ್ಲಿ ಮೊದಲ ದಿನವೇ ಸೆಣಸಿದವರು ತೋಳು ನೋವಿನಿಂದ ಉಳಿದ ಪ್ರವಾಸವನ್ನು ನೋಡುಗರಾಗಿ ಕಳೆಯಬೇಕಾದೀತು.

ಯಾರು ಈ ಹೆಡ್ರಿಕ್? ಫ್ರಿಸ್ಬಿ ಎಂಬ ಆಟಿಕೆಯನ್ನು ಕಂಡುಹಿಡಿದವರು ಫ್ರೆಡ್ ಮಾರಿಸನ್. ಅದನ್ನು ಮಾರುತ್ತಿದ್ದುದು ವ್ಯಾಮ್-ಓ ಕಂಪನಿ. ಅಲ್ಲಿ ಕೆಲಸ ಮಾಡುತ್ತಿದ್ದ ಎಡ್ ಹೆಡ್ರಿಕ್ ತಟ್ಟೆಯ ಬೆನ್ನ ಮೇಲೆ ಗೆರೆಗಳನ್ನು ಎಬ್ಬಿಸಿ ಅದರ ಹಾರಾಟವನ್ನು ಸ್ಥಿರಗೊಳಿಸಿ 1967ರಲ್ಲಿ ಪೇಟೆಂಟ್ ಪಡೆದರು. 1975ರಲ್ಲಿ ಕ್ಯಾಲಿಫೋರ್ನಿಯಾದ ಲಾ ಕನ್ಯಾಡಾದ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಶಾಶ್ವತ ಅಂಗಳ ತಲೆಯೆತ್ತಿತು. ಆಗ ಗುರಿ ಬರೀ ಕಂಬ. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬುದೇ ತಕರಾರು. ಲಗೋರಿಯಲ್ಲಿ ಚೆಂಡು ಬೆನ್ನಿಗೆ ಬಿತ್ತು, ಬೀಳಲಿಲ್ಲ ಎಂದು ಕಿತ್ತಾಡಿದವರಿಗೆ ಈ ತಕರಾರಿನ ರುಚಿ ಗೊತ್ತಿರುತ್ತದೆ. ಹೆಡ್ರಿಕ್ ಮಗನ ಜೊತೆ ಸೇರಿ ಕಂಬಕ್ಕೆ ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ಬುಟ್ಟಿ ಕಟ್ಟಿದರು. ತಾಗಿದ್ದು ಝಣ್ ಎನ್ನುತ್ತದೆ, ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಜಗಳ ಮುಗಿಯಿತು. 1977ರಲ್ಲಿ ಅದಕ್ಕೂ ಪೇಟೆಂಟ್ ಬಂತು. ಅದಕ್ಕೆ ಒಂದು ವರ್ಷ ಮೊದಲೇ ಅವರು ವೃತ್ತಿಪರ ಸಂಘವನ್ನೂ ಕಟ್ಟಿದ್ದರು. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ತಟ್ಟೆಗಳನ್ನು ಎರಕ ಹೊಯ್ದರು! ನಂಬಲು ಕಷ್ಟ, ಆದರೆ ನಿಜ. ಆಪ್ಲಿಂಗಿನ ಕೇಂದ್ರದಲ್ಲಿ ಅವರ ಹೆಸರಿನ ಮ್ಯೂಸಿಯಮ್ಮೇ ಇದೆ. ಆಡುವ ಆತುರದಲ್ಲಿ ಅದನ್ನು ಬಿಟ್ಟುಬರುವುದು ತಪ್ಪು.

ಅಲ್ಲಿಂದ ಅರ್ಧ ಗಂಟೆಯ ಹಾದಿಯಲ್ಲಿರುವ ಆಗಸ್ಟಾಕ್ಕೆ ಇನ್ನೊಂದು ಕೀರ್ತಿ. 1934ರಿಂದ ಮಾಸ್ಟರ್ಸ್ ಗಾಲ್ಫ್ ನಡೆಯುವ ಆಗಸ್ಟಾ ನ್ಯಾಷನಲ್ ಇಲ್ಲಿಯೇ. ಆಹ್ವಾನವಿಲ್ಲದವರಿಗೆ ಅದರ ಬಾಗಿಲು ತೆರೆಯದು. ಒಂದೇ ಸೀಮೆಯಲ್ಲಿ ಅಣ್ಣನ ಬಂಗಲೆ, ತಮ್ಮನ ಜೋಪಡಿ. ಏಪ್ರಿಲ್ ಮೊದಲೆರಡು ವಾರಗಳಲ್ಲಿ ಈ ಕಡೆ ಸುಳಿಯದಿರುವುದು ಮೇಲು. ಮಾಸ್ಟರ್ಸ್ ಸಮಯದಲ್ಲಿ ಸಾಧಾರಣ ಲಾಡ್ಜಿನ ಬಾಡಿಗೆಯೂ ಆಕಾಶಕ್ಕೇರಿರುತ್ತದೆ. ವೈಲ್ಡ್‌ವುಡ್ ಪಾರ್ಕಿನಲ್ಲೇ ಡೇರೆ ಹಾಕಲು ಜಾಗವಿದೆ. ಮುಂಗಡ ಕಾದಿರಿಸಿಕೊಂಡರೆ ಒಂದು ರಾತ್ರಿಯ ಖರ್ಚು ತಪ್ಪುತ್ತದೆ.

ರಾಕ್ ಹಿಲ್‌ನಲ್ಲಿ ನೋಡಬೇಕಾದದ್ದು ವಿನ್‌ಥ್ರಾಪ್ ವಿಶ್ವವಿದ್ಯಾಲಯ. 1886ರಲ್ಲಿ ಶಿಕ್ಷಕಿಯರ ತರಬೇತಿಗೆಂದು ಕೊಲಂಬಿಯಾದಲ್ಲಿ ಹುಟ್ಟಿ, 1895ರಲ್ಲಿ ಇಲ್ಲಿಗೆ ಬಂದು, 1974ರವರೆಗೆ ಹೆಣ್ಣುಮಕ್ಕಳಿಗೇ ಮೀಸಲಾಗಿದ್ದ ಸಂಸ್ಥೆ ಇದು. ಅದರ ಕೆರೆಯ ಸುತ್ತಲಿನ ಹುಲ್ಲುಗಾವಲಿನಲ್ಲಿ 1999ರಲ್ಲಿ ಅಮೆರಿಕದ ಡಿಸ್ಕ್ ಗಾಲ್ಫ್ ಚಾಂಪಿಯನ್‌ಷಿಪ್ ಆರಂಭವಾಯಿತು. ಮೊದಲ ವರ್ಷ ಗೆದ್ದವರು ಕೆನ್ ಕ್ಲೈಮೋ. ಹನ್ನೆರಡು ಬಾರಿ ವಿಶ್ವ ಚಾಂಪಿಯನ್ ಆದ ಆಟಗಾರ. ಪಂದ್ಯದ ಕಾಲಕ್ಕೆ ಅಂಗಳದ ತುಂಬ ಹಳದಿ ಹಗ್ಗ ಎಳೆಯುತ್ತಾರೆ. ತಟ್ಟೆ ಹಗ್ಗದಾಚೆ ಬಿತ್ತೆಂದರೆ ದಂಡ. ಹದಿನೇಳನೆಯ ಬುಟ್ಟಿಯಂತೂ ಹೆಸರುವಾಸಿ. ದೂರ ಸುಮಾರು 75 ಮೀಟರ್ ಮಾತ್ರ, ಸುತ್ತಲೂ ಒಣಹುಲ್ಲಿನ ಪೆಂಡಿಗಳ ಕೋಟೆ. ಮೊದಲ ಹದಿನಾರರಲ್ಲಿ ಗಳಿಸಿದ್ದನ್ನೆಲ್ಲ ಅಲ್ಲಿ ಕಳೆದುಕೊಂಡವರಿದ್ದಾರೆ.

ಚಾಂಪಿಯನ್‌ಷಿಪ್ ನಡೆಯುವುದು ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಹಲವು ವಿಶ್ವವಿದ್ಯಾಲಯಗಳಿಗೆ ಒಂದೆರಡು ದಿನದ ನಡುರಜೆಯೂ ಆಗಲೇ. ಯೋಜನೆ ಹಾಕುವಾಗ ಗೆಳೆಯರಲ್ಲಿ ಎರಡು ಪಕ್ಷವಾಗುವುದು ಈ ಘಟ್ಟದಲ್ಲಿ. ಪಂದ್ಯ ನೋಡಬೇಕೆಂಬವರು ಇಬ್ಬರು, ತಾವೇ ಆಡಬೇಕೆಂಬವರು ಇಬ್ಬರು. ಪಂದ್ಯದ ವಾರದಲ್ಲಿ ಅಂಗಳ ಹೊರಗಿನವರಿಗೆ ಸಿಗದು. ಹೊರಡುವ ಮುನ್ನವೇ ತಾರೀಖು ವಿಚಾರಿಸಿ ತೀರ್ಮಾನಿಸದಿದ್ದರೆ ಗೇಟಿನ ಮುಂದೆ ನಿಂತು ಮುಖ ಊದಿಸಿಕೊಳ್ಳಬೇಕಾಗುತ್ತದೆ.

ಷಾರ್ಲಟ್ ದೊಡ್ಡ ನಗರ. 2012ರ ವಿಶ್ವ ಚಾಂಪಿಯನ್‌ಷಿಪ್ ಇಲ್ಲಿ ನಡೆದಿತ್ತು. ಅಂಗಳಗಳು ಹಲವು, ಒಂದು ದಿನದಲ್ಲಿ ಎರಡಕ್ಕಿಂತ ಹೆಚ್ಚು ಆಡುವುದು ಹುಚ್ಚು. ಹಾರ್ನೆಟ್ಸ್ ನೆಸ್ಟ್ ಪಾರ್ಕ್ ಒಂದನ್ನಂತೂ ಬಿಡಬಾರದು. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ, 1780ರಲ್ಲಿ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಈ ಊರನ್ನು ಕಣಜದ ಗೂಡೆಂದು ಶಪಿಸಿದನೆಂದು ಹೇಳುತ್ತಾರೆ. ಊರಿನವರು ಅದನ್ನೇ ಬಿರುದು ಮಾಡಿಕೊಂಡರು. ಕಾರ್ನ್‌ವಾಲಿಸ್ ಎಂದರೆ ನಮ್ಮ ವಿದ್ಯಾರ್ಥಿಗಳ ಕಿವಿ ನೆಟ್ಟಗಾಗಬೇಕು. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಕರೆದೊಯ್ದ ಅದೇ ಕಾರ್ನ್‌ವಾಲಿಸ್. ಸಾವಿರಾರು ಮೈಲಿ ದೂರದ ಪಾರ್ಕಿನಲ್ಲಿ ತಟ್ಟೆ ಹುಡುಕುತ್ತ ಮಂಡ್ಯದ ಹುಡುಗನಿಗೆ ಇದು ನೆನಪಾದರೆ ಆಶ್ಚರ್ಯವಿಲ್ಲ.

ಈಗ ತಂದೆಯ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಇಪ್ಪತ್ತೊಂದು ತುಂಬದವರಿಗೆ ಬಾಡಿಗೆ ಕಾರು ಸಿಗುವುದು ಕಷ್ಟ. ಇಪ್ಪತ್ತೈದರ ಒಳಗಿನವರಿಗೆ ಸಾಮಾನ್ಯವಾಗಿ ದಿನಕ್ಕಿಷ್ಟೆಂದು ಹೆಚ್ಚುವರಿ ಶುಲ್ಕ ಹಾಕುತ್ತಾರೆ. ಕಾಗದದಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಓಡಿಸಬೇಕು. 'ಸ್ವಲ್ಪ ಹೊತ್ತು ನಾನು ಹಿಡಿಯುತ್ತೇನೆ' ಎಂದು ಸ್ನೇಹಕ್ಕೆ ಕೈ ಬದಲಾಯಿಸಿದ ಮೇಲೆ ಅಪಘಾತವಾದರೆ ವಿಮೆ ಕೈಬಿಡುವ ಅಪಾಯವುಂಟು. ಅಲ್ಲಿನ ಆಸ್ಪತ್ರೆಯ ಬಿಲ್ಲು ಒಂದು ಸೆಮಿಸ್ಟರಿನ ಶುಲ್ಕವನ್ನೂ ಮೀರಬಹುದು. ಆದ್ದರಿಂದ ಶುಲ್ಕ ಹೆಚ್ಚಾದರೂ ಇಬ್ಬರ ಹೆಸರು ಬರೆಸುವುದೇ ಜಾಣತನ. ಕಾರು ಓಡಿಸುವಾಗ ಮೊಬೈಲು ಕೈಯಲ್ಲಿ ಹಿಡಿಯುವುದು ಜಾರ್ಜಿಯಾದಲ್ಲಿ 2018ರಿಂದ, ದಕ್ಷಿಣ ಕೆರೊಲಿನಾದಲ್ಲಿ 2025ರಿಂದ ಅಪರಾಧ. ದಾರಿ ನೋಡಿ ಹೇಳುವ ಕೆಲಸ ಪಕ್ಕದಲ್ಲಿ ಕುಳಿತವನದು, ಅವನು ನಿದ್ದೆ ಮಾಡಕೂಡದು. ಪಾಸ್‌ಪೋರ್ಟ್ ಮತ್ತು ಐ-94 ಕಾಗದ ಜೊತೆಗಿರಲಿ.

ಆಟದಲ್ಲೂ ಅಪಾಯವಿಲ್ಲದಿಲ್ಲ. ಗುಡುಗು ಕೇಳಿದ ತಕ್ಷಣ ಬಯಲು, ಒಂಟಿ ಮರ, ಕಬ್ಬಿಣದ ಬುಟ್ಟಿ ಎಲ್ಲವನ್ನೂ ಬಿಟ್ಟು ಕಾರಿನೊಳಗೆ ಸೇರಬೇಕು. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬಾರದು. ಪೊದೆಯಲ್ಲಿ ಮೂರು ಮೂರು ಎಲೆಯ ಪಾಯ್ಸನ್ ಐವಿ ಇರುತ್ತದೆ, ಮುಟ್ಟಿದರೆ ಮೈಯೆಲ್ಲ ತುರಿಕೆ. ಉಣ್ಣೆಹುಳು, ಕಾಪರ್‌ಹೆಡ್ ಎಂಬ ವಿಷದ ಹಾವು ಎರಡೂ ಈ ಸೀಮೆಯ ನಿವಾಸಿಗಳೇ. ಕಳೆದುಹೋದ ಹದಿನೈದು ಡಾಲರಿನ ತಟ್ಟೆಗೆ ಕೈಹಾಕುವ ಮುನ್ನ ಕೋಲಿನಿಂದ ತಡಕಬೇಕು. ತಟ್ಟೆಯ ಹಿಂಭಾಗದಲ್ಲಿ ಹೆಸರು, ಫೋನು ನಂಬರು ಬರೆದಿಡುವ ರೂಢಿಯಿದೆ. ಸಿಕ್ಕಿದವರು ಎಷ್ಟೋ ಸಲ ಫೋನು ಮಾಡಿ ತಿಳಿಸುತ್ತಾರೆ.

ಹೊರಡುವ ಎರಡು ವಾರ ಮೊದಲೇ ಅಟ್ಲಾಂಟಾದ ಪರ್ಕರ್‌ಸನ್ ಪಾರ್ಕಿನಲ್ಲಿ ಅಭ್ಯಾಸ ಮಾಡಿಕೊಂಡರೆ ತೋಳು ಪಳಗುತ್ತದೆ. ಅನ್ನ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಡಬ್ಬಿ ಇದ್ದರೆ ಎರಡು ದಿನದ ಹೋಟೆಲು ಖರ್ಚು ಉಳಿದೀತು.

ಹಿಂದಿರುಗುವ ಹಾದಿಯೇ ದೊಡ್ಡದು, ಷಾರ್ಲಟ್‌ನಿಂದ ಸುಮಾರು 395 ಕಿ.ಮೀ. ಭಾನುವಾರ ಮಧ್ಯಾಹ್ನ ಇನ್ನೊಂದು ಸುತ್ತು ಆಡೋಣವೆಂದು ಒಬ್ಬ ಹೇಳಿಯೇ ಹೇಳುತ್ತಾನೆ. ಒಪ್ಪಿದರೆ ದಣಿದ ಮೈಯಲ್ಲಿ ನಡುರಾತ್ರಿಯ ಡ್ರೈವಿಂಗ್, ಸೋಮವಾರ ಎಂಟಕ್ಕೆ ಕ್ಲಾಸು. ಊಟ ಮುಗಿಸಿ ಒಂದು ಗಂಟೆಗೆ ಹೊರಟರೆ ಗ್ಯಾಫ್ನಿ ಊರಿನ ಬಳಿ ಹೆದ್ದಾರಿಯ ಪಕ್ಕದಲ್ಲಿ 1981ರಲ್ಲಿ ಕಟ್ಟಿದ, ಪೀಚ್ ಹಣ್ಣಿನ ಆಕಾರದ ಭಾರಿ ನೀರಿನ ತೊಟ್ಟಿಯನ್ನು ಹಗಲು ಬೆಳಕಿನಲ್ಲೇ ನೋಡಬಹುದು. ಹತ್ತು ಲಕ್ಷ ಗ್ಯಾಲನ್ ಹಿಡಿಸುತ್ತದಂತೆ. ಫೋಟೋ ತೆಗೆದುಕೊಂಡು ಮುಂದುವರಿದರೆ ಕತ್ತಲಾಗುವಷ್ಟರಲ್ಲಿ ಅಟ್ಲಾಂಟಾ. ಕಾರು ಒಪ್ಪಿಸುವ ಮುನ್ನ ಪೆಟ್ರೋಲು ತುಂಬಿಸಿ, ಡಿಕ್ಕಿಯಲ್ಲಿ ತಟ್ಟೆ ಎಣಿಸಬೇಕು. ಹನ್ನೆರಡರಲ್ಲಿ ಒಂಬತ್ತು ಉಳಿದಿದ್ದರೆ ಲಾಭವೇ.